ಕೆಟ್ಟದ್ದು ಹೇಳು

ಮಿನಿಯಾಪೊಲಿಸ್, ಸೆಂಟ್ರಲ್ ಅವೆನ್ಯೂ, ಜನವರಿ.
ಸೊನ್ನೆಗಿಂತ ಇಪ್ಪತ್ತು ಮೆಟ್ಟಿಲು ಕೆಳಗಿಳಿದ ಚಳಿ.
ನಾಣ್ಯ ನುಂಗಿ ಬಟ್ಟೆ ಒಗೆಯುವ ಅಂಗಡಿಯಲ್ಲಿ
ನನ್ನದು ಎಂಟನೇ ಮೆಷಿನ್ನು, ಅವಳದು ಒಂಬತ್ತು.
ಎರಡು ಸಲ ಒಗೆದರೂ ಜಾಕೀಟಿನ ಜೇಬಿನ ಮೂಲೆಯಲ್ಲಿ
ಟಿಬೆಟ್ಟಿನ ಧೂಳು ಇನ್ನೂ ಉಗುರಿಗೆ ಹತ್ತುತ್ತಿತ್ತು.

"ಹೋಗಿ ಬಂದ್ಯಂತೆ," ಅಂದಳು ಯಾಂಗ್ಚೆನ್.
ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತ ಕನ್ನಡ,
ಸ್ಕೂಲ್ ಬಸ್ಸು ಓಡಿಸಿ ಸವೆದ ನನ್ನದಕ್ಕಿಂತ ಗಟ್ಟಿ.
ಬೈಲುಕುಪ್ಪೆಯಲ್ಲಿ ಹುಟ್ಟಿ, ಜೋಳದ ಹೊಲಕ್ಕೆ ನುಗ್ಗಿದ ಆನೆಗೆ
ತಗಡು ಬಡಿದು ಬೆಳೆದವಳು.
ಊರು ಅಂತ ಯಾವುದನ್ನು ಕರೆಯುತ್ತಾಳೋ
ಅದನ್ನು ಒಮ್ಮೆಯೂ ಕಂಡಿಲ್ಲ.
ನನಗೆ ಬಿದ್ದ ಮೊಹರು ಅವಳಿಗೆ ಬೀಳುವುದಿಲ್ಲ.

"ಫೋಟೋ ಬ್ಯಾಡ. ಅರಮನೆ ನಮ್ಮ ಕ್ಯಾಲೆಂಡರಲ್ಲೇ ಐತೆ,
ಸರೋವರ ದೇವರ ಗೂಡಲ್ಲಿ.
ಚಂದದ್ದು ಎಲ್ಲಾರೂ ತಂದು ಕೊಡ್ತಾರೆ.
ನೀನು ಕೆಟ್ಟದ್ದು ಹೇಳು."

ಹೇಳಿದೆ.
ಶಿಗಾತ್ಸೆ ದಾರಿಯ ಕಕ್ಕಸು:
ಎರಡು ಹಲಗೆ, ನಡುವೆ ಪಾತಾಳ,
ಕೆಳಗಿನಿಂದ ಮೇಲಕ್ಕೆ ಬೀಸುವ ಗಾಳಿ,
ಬಿಟ್ಟ ಕಾಗದ ಮುಖಕ್ಕೇ ವಾಪಸ್ಸು.
ನಕ್ಕು ನಕ್ಕು ಸೋಪಿನ ಡಬ್ಬಿ ಬೀಳಿಸಿದಳು.
"ಇನ್ನೂ?"
ಮೊದಲ ಮೂರು ರಾತ್ರಿ
ತಲೆಯೊಳಗೆ ಯಾರೋ ಕೂತು ರಾಗಿ ಬೀಸಿದ್ದು.
ಬೆಣ್ಣೆ ಚಹಾ, ಹಳಸಿದ ಉಪ್ಪುಸಾರು ಅಂದುಕೊಂಡದ್ದು,
ನಾಲ್ಕನೇ ಬಟ್ಟಲಿಗೆ ನಾನೇ ಕೈ ಚಾಚಿದ್ದು.
"ಅದು ಒಳ್ಳೇದಾಯ್ತಲ್ಲ! ಮೋಸ."
ನಾಯಿಗಳು. ಕಲ್ಲಾದ ಟೂತ್‌ಪೇಸ್ಟು.
ಡ್ರೈವರು ಏಳು ಗಂಟೆ ಒಂದೇ ಹಾಡು ಹಾಕಿದ್ದು,
ಇಳಿದ ಮೇಲೆ ಅದಿಲ್ಲದೆ ನಿದ್ದೆ ಬಾರದ್ದು.

ಒಂದೊಂದಕ್ಕೂ ತಲೆದೂಗಿದಳು,
ಬೀಗರ ಮನೆಯ ಹುಳುಕು ಕೇಳುವವಳಂತಲ್ಲ,
ತವರಿನ ಬುತ್ತಿ ಬಿಚ್ಚುವವಳಂತೆ.
"ಗಾಳಿ ಕೆಳಗಿಂದ ಬರ್ತದೆ," ತನ್ನಷ್ಟಕ್ಕೇ ಅಂದಳು.
"ಅಪ್ಪ ಇದನ್ನ ಯಾವತ್ತೂ ಹೇಳಲಿಲ್ಲ."

ಕೇಳದಿದ್ದರೂ ಒಂದು ಒಳ್ಳೆಯದನ್ನು ನಡುವೆ ತೂರಿಸಿದೆ:
ಕಣಿವೆಯ ನೆತ್ತಿಯಲ್ಲಿ ಬೆರಳು ಸೆಟೆದು ನಿಂತಾಗ
ಯಾರೋ ಅಜ್ಜಿ ನನ್ನ ಕೈಗವಸು ಕಿತ್ತು
ಕೈಯನ್ನು ತನ್ನ ಕುರಿದೊಗಲೊಳಗೆ, ಕಂಕುಳಿಗೆ, ಸಿಕ್ಕಿಸಿಕೊಂಡಳು,
ಕೋಳಿ ಮೊಟ್ಟೆ ಎಳೆದುಕೊಳ್ಳುವಂತೆ.
ನನ್ನತ್ತ ನೋಡಲೂ ಇಲ್ಲ.
ಪಕ್ಕದವಳೊಡನೆ ಜಗಳ ಮುಂದುವರಿಸಿದಳು.

ಮೆಷಿನ್ನು ಹಿಂಡುವ ಸುತ್ತಿಗೆ ಬಂತು. ನೆಲ ನಡುಗಿತು.
ಇನ್ನೊಂದು ಉಳಿದಿದೆ, ಅಂದೆ.

ಗ್ಯಾಂಚೆ ಪೇಟೆ. ಮೊಳೆ ಮಾರುವ ಮುದುಕ
ನನ್ನ ಮುಖ ನೋಡಿ "ಇಂಡಿಯಾ?" ಅಂದ.
ಆಮೇಲೆ, ಬಿರುಕು ಬಟ್ಟಲನ್ನು ಕೈಗೆ ದಾಟಿಸುವಂತೆ, ಮೆಲ್ಲಗೆ,
"ಬೈಲಕುಪ್ಪೆ?"
ಹುಣಸೂರು ನನ್ನದು. ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ.
ಅಲ್ಲಿನವರು ಹೆಣೆದ ಮೆರೂನ್ ಸ್ವೆಟರಿನೊಳಗೇ
ನಾನು ಮೂರನೇ ಕ್ಲಾಸು ಪಾಸಾದದ್ದು.
ಗೈಡು ನನ್ನ ಮೊಣಕೈ ಮುಟ್ಟಿದ, ಅಷ್ಟೆ.
ಕಂಬದ ಮೇಲಿನ ಕ್ಯಾಮೆರಾ ಕತ್ತು ತಿರುಗಿಸಿತು,
ಅಥವಾ ನನಗೆ ಹಾಗನ್ನಿಸಿತು.
"ಅಮೆರಿಕಾ," ಅಂದೆ. ಎರಡು ಸಲ ಅಂದೆ.
ಬೇಡದ ಮೊಳೆ ಕಾಲು ಕಿಲೋ ಕೊಂಡೆ.

ಯಾಂಗ್ಚೆನ್ ಡ್ರೈಯರಿನ ಬಾಗಿಲು ತೆಗೆದಳು, ಮುಚ್ಚಿದಳು.
ನಾಣ್ಯ ಎಣಿಸಿದಳು, ಮತ್ತೆ ಎಣಿಸಿದಳು.
ಹೊರಗೆ ಬಸ್ಸೊಂದು ಮಂಜು ಕಲಸುತ್ತ ಹೋಯಿತು.
ಬೈದಿದ್ದರೆ ಹಗುರಾಗುತ್ತಿತ್ತು.

"ಕಾಲಿಗೆ ಏನು ಹಾಕಿದ್ದ?"
ಹಸಿರು ಕ್ಯಾನ್ವಾಸ್ ಶೂ. ಎಡದ್ದಕ್ಕೆ ಲೇಸಿನ ಬದಲು ತಂತಿ.
"ಕೈ?"
ತೋರುಬೆರಳು ಸೊಟ್ಟ.
"ಹಲ್ಲು?"
ಗೊತ್ತಿಲ್ಲ. ನಗಲಿಲ್ಲ.
"ಮೊಳೆ ಎಲ್ಲಿ?"

ಕಾರಿಗೆ ಹೋಗಿ ತಂದೆ. ಪೊಟ್ಟಣ ಮಂಜಿನಷ್ಟು ತಣ್ಣಗೆ.
ಒಂದನ್ನು ಎತ್ತಿ ದೀಪಕ್ಕೆ ಹಿಡಿದಳು,
ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದಳು.
"ತುಕ್ಕು. ಎಷ್ಟು ಕೊಟ್ಟೆ?"
ಹೇಳಿದೆ.
"ಜಾಸ್ತಿ ಕೊಟ್ಟೆ," ಅಂದಳು. "ಜಾಣ ಮುದುಕ."